ಡಬ್ಬ ಬಿಚ್ಚಿ ನೋಡದೆ ಚಲನ್‌ಗೆ ಸಹಿ ಹಾಕಬೇಡಿ

ಮನೆಗೆ ಹೊಸ ಇನ್ವರ್ಟರ್ ಬ್ಯಾಟರಿ ತರಿಸುತ್ತಿದ್ದೀರಾ? ಹಾಗಾದರೆ ನನ್ನ ಪಾಡು ಸ್ವಲ್ಪ ಕೇಳಿ.

ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋಗುವುದು ಮಾಮೂಲು. ಹಳೇ ಬ್ಯಾಟರಿ ಅರ್ಧ ಗಂಟೆಗೇ ಕೈ ಎತ್ತುತ್ತಿತ್ತು. ಅದಕ್ಕೇ ಜೂನ್‌ನಲ್ಲಿ 150 ಎಎಚ್‌ನ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ, ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ, ಜೊತೆಗೊಂದು ಇನ್ವರ್ಟರ್ ಹೇಳಿಬಂದೆ. ಇನ್ವರ್ಟರ್ ಬಗ್ಗೆ ತಕರಾರಿಲ್ಲ. ಗೋಳೆಲ್ಲ ಬ್ಯಾಟರಿಯದ್ದೇ.

ಲಗೇಜ್ ಆಟೋ ಬಂದದ್ದು ಸಂಜೆ, ಜಡಿಮಳೆಯಲ್ಲಿ. ಐವತ್ತು ಕಿಲೋಗಿಂತ ಜಾಸ್ತಿ ಭಾರದ ಸಾಮಾನು. ಇಬ್ಬರು ಹುಡುಗರು ಓರೆ ಮಾಡಿಕೊಂಡೇ ಜಗಲಿಗೆ ತಂದು ಧಪ್ ಅಂತ ಇಟ್ಟರು. ಸಾಮಾನು ತಲುಪಿತು ಅನ್ನುವ ಚಲನ್ ಚೀಟಿ ಮುಂದೆ ಹಿಡಿದು "ಸಾರ್, ಇಲ್ಲೊಂದು ಸೈನ್" ಅಂದರು. ಪಾಪ, ನೆನೆದು ಹೋಗಿದ್ದಾರೆ ಅಂತ ಹಾಕಿಬಿಟ್ಟೆ. ಸಂತೆಯಲ್ಲಿ ಒಂದು ತೆಂಗಿನಕಾಯಿ ಕೊಳ್ಳಬೇಕಾದರೂ ಕಿವಿ ಹತ್ತಿರ ಅಲ್ಲಾಡಿಸಿ ನೋಡುವವನು ನಾನು. 16 ಸಾವಿರದ ಸಾಮಾನಿನ ರಟ್ಟನ್ನೂ ಬಿಚ್ಚಲಿಲ್ಲ ನೋಡಿ.

ಮರುದಿನ ಎಲೆಕ್ಟ್ರಿಷಿಯನ್ ಬಂದು ಡಬ್ಬ ಎತ್ತಿದರೆ ತಳದ ರಟ್ಟು ಕೊಳೆತ ಹಾಗೆ ಕಿತ್ತು ಬಂತು. ಕೆಳಗಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಆಸಿಡ್ ಇಳಿದು ಅಜ್ಜನ ಕಾಲದ ಕೆಂಪು ಗಾರೆ ನೆಲ ಅಂಗೈಯಷ್ಟು ಬಿಳಿಚಿಕೊಂಡಿತ್ತು. ಅಡುಗೆ ಸೋಡಾ ಸುರಿದು ಒರೆಸಿದೆವು. ಬ್ಯಾಟರಿಯ ಆರು ಸೆಲ್‌ಗಳಲ್ಲಿ, ಅಂದರೆ ಖಾನೆಗಳಲ್ಲಿ, ಒಳಗಿನ ದ್ರವದ ಮಟ್ಟ ತೋರಿಸುವ ಆರು ಫ್ಲೋಟ್‌ಗಳಿರುತ್ತವೆ. ಅವುಗಳಲ್ಲಿ ಐದು ಮೇಲಿದ್ದವು, ಒಂದು ಪೂರ್ತಿ ಕೆಳಗೆ. ಮಲ್ಟಿಮೀಟರ್ ಹಿಡಿದರೆ 11.3 ವೋಲ್ಟ್. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ನೆ ಕೂತಾಗ 12.6ರ ಆಸುಪಾಸು ತೋರಿಸಬೇಕು. ಮೇಲೆ ಒತ್ತಿದ್ದ ಕೋಡ್ ಓದಿದ ಅವನು, "ಅಣ್ಣಾ, ಇದು ತಯಾರಾಗಿ ಹನ್ನೊಂದು ತಿಂಗಳಾಯ್ತು" ಅಂದ. ಅಷ್ಟು ದಿನ ಚಾರ್ಜ್ ಕೊಡದೆ ಗೋಡೌನ್‌ನಲ್ಲಿ ಇಟ್ಟರೆ ಒಳಗಿನ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ.

ಅಂಗಡಿಗೆ ಫೋನ್ ಮಾಡಿದೆ. ಮೊದಲ ಉತ್ತರ: "ಡಿಸ್ಟಿಲ್ಡ್ ವಾಟರ್ ಹಾಕಿ, ಸರಿಹೋಗುತ್ತೆ." ಈ ಮಾತನ್ನು ಮಾತ್ರ ಕೇಳಬೇಡಿ. ಬಳಸುತ್ತಾ ಬಳಸುತ್ತಾ ಕಡಿಮೆಯಾಗುವುದು ನೀರು, ಅದಕ್ಕೆ ನೀರು ಹಾಕುತ್ತೇವೆ. ಸೋರಿ ಹೋದದ್ದು ಆಸಿಡ್. ಅದರ ಜಾಗಕ್ಕೆ ನೀರು ತುಂಬಿದರೆ ಆ ಸೆಲ್ ಸಪ್ಪೆಯಾಗುತ್ತದೆ, ಅಷ್ಟೇ. ಬಿರುಕಂತೂ ಹಾಗೇ ಇರುತ್ತದಲ್ವಾ? ಎರಡನೇ ಉತ್ತರ ಇನ್ನೂ ಚೆನ್ನಾಗಿತ್ತು: "ಸರಿಯಾಗಿ ತಲುಪಿದೆ ಅಂತ ನೀವೇ ಸೈನ್ ಹಾಕಿದೀರಲ್ಲ." ವಾರಂಟಿ ಕಾರ್ಡ್ ತೆಗೆದು ನೋಡಿದೆ. ಒಡೆದದ್ದು, ಬಿರುಕು ಬಿಟ್ಟದ್ದು ವಾರಂಟಿಗೆ ಸೇರುವುದಿಲ್ಲ ಅಂತ ಸಣ್ಣಕ್ಷರದಲ್ಲಿತ್ತು. ಕಾರ್ಡಿನ ಸೀರಿಯಲ್ ನಂಬರಿಗೂ ಬ್ಯಾಟರಿ ಮೇಲಿನದ್ದಕ್ಕೂ ಕೊನೆಯ ಎರಡು ಅಂಕಿ ಬೇರೆ ಬೇರೆ.

ಆ ಎರಡು ಅಂಕಿಗಳೇ ನನ್ನನ್ನು ಉಳಿಸಿದ್ದು ಅನ್ನಬೇಕು. ಅದರ ಫೋಟೋ ಕಳಿಸಿ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ ಅಂದ ಮೇಲೆ ದನಿ ಮೆತ್ತಗಾಯಿತು. ಆದರೂ ಹದಿನೆಂಟು ದಿನ ಓಡಾಡಿಸಿದರು. "ಸಾಗಾಟದ ಖರ್ಚು" ಅಂತ ಎರಡು ಸಾವಿರ ಕಿತ್ತುಕೊಂಡೇ ಬದಲಿ ಕಳಿಸಿದ್ದು.

ಬದಲಿ ಬಂದ ದಿನವೂ ಮಳೆ. ಈ ಸಲ ಎಲೆಕ್ಟ್ರಿಷಿಯನ್‌ನನ್ನು ಮೊದಲೇ ಕರೆಸಿ ಕೂರಿಸಿಕೊಂಡಿದ್ದೆ. ಹುಡುಗರಿಗೆ ಬಿಸಿ ಕಾಫಿ ಕೊಟ್ಟೆ, ಆಟೋ ಗೇಟಿನಲ್ಲೇ ನಿಂತಿರಲಿ ಅಂದೆ. ಮೊಬೈಲ್‌ನಲ್ಲಿ ವಿಡಿಯೋ ಮಾಡುತ್ತಲೇ ರಟ್ಟು ಬಿಚ್ಚಿದೆವು. ಟಾರ್ಚ್ ಬಿಟ್ಟು ನಾಲ್ಕೂ ಮೂಲೆ, ತಳ, ಟರ್ಮಿನಲ್, ಫ್ಲೋಟ್ ನೋಡಿ, ಕೋಡ್ ಓದಿ, ನಂಬರ್ ತಾಳೆ ಮಾಡಿ, ವೋಲ್ಟೇಜ್ ಅಳೆದೆವು. 12.6 ಇತ್ತು. ಹತ್ತು ನಿಮಿಷವೂ ಹಿಡಿಯಲಿಲ್ಲ. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ತಾರೀಕು ಬಿದ್ದಿದೆಯಾ ಅಂತ ನೋಡಿದ ಮೇಲೆ ಚಲನ್ ಮೇಲೆ "ಬಿಚ್ಚಿ ಪರೀಕ್ಷಿಸಿ ಪಡೆದಿದ್ದೇನೆ" ಅಂತ ಬರೆದು ಸಹಿ ಹಾಕಿದೆ. ಒಬ್ಬ ಹುಡುಗ "ಇಷ್ಟೆಲ್ಲ ಯಾರೂ ನೋಡಲ್ಲ ಸಾರ್" ಅಂತ ಗೊಣಗಿದ. ಜಗಲಿಯ ಆ ಬಿಳಿ ಕಲೆ ತೋರಿಸಿದೆ, ಸುಮ್ಮನಾದ.