ಆರು ವರ್ಷದ ಕಾರ್ಮಿಕ ಕಾನೂನು ಸಲಹೆ: ಫೀಸೂ ಕೊಟ್ಟೆ, ಬೈಗುಳವನ್ನೂ ತಿಂದೆ

ಮೂಡಿಗೆರೆ ಬಳಿ ನಮ್ಮದು 60 ಎಕರೆ ಕಾಫಿ ತೋಟ, ಕಾಯಂ ಆಳುಗಳು 22. ಚಿಕ್ಕಮಗಳೂರಿನ ವಕೀಲರೊಬ್ಬರಿಗೆ ಕಾರ್ಮಿಕ ಕಾನೂನು ಸಲಹೆಗೆಂದು ವರ್ಷದ ಫೀಸು ಕಟ್ಟುತ್ತಾ ಬಂದು ಆರು ವರ್ಷವಾಯಿತು.

ಜೀಪಿನ ಚಾಲಕನನ್ನು ಸಿಟ್ಟಿನಲ್ಲಿ ‘ನಾಳೆಯಿಂದ ಬರಬೇಡ’ ಎಂದು ಕಳಿಸಿ, ಅವನು ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟ ಮೇಲೆ ಇವರ ಬಾಗಿಲಿಗೆ ಹೋದವನು ನಾನು. ಸಂಧಾನದ ದಿನ ವಕೀಲರು ಹೊರಗೆ ಬೆಂಚಿನ ಮೇಲೆ ಕುಳಿತುಬಿಟ್ಟರು. ದುಡ್ಡು ಕೊಟ್ಟದ್ದು ಇದಕ್ಕೇನಾ ಎಂದು ಉರಿದುಹೋಯಿತು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಂತೆ ಸಂಧಾನದಲ್ಲಿ ಯಾರ ಪರವಾಗಿಯೂ ವಕೀಲರು ಹಾಜರಾಗುವಂತಿರಲಿಲ್ಲವಂತೆ! ಹಿಂದಿನ ರಾತ್ರಿಯೇ ಹೇಳಿದ್ದರು: ‘ಗೌಡರೇ, ವರ್ಷಕ್ಕೆ 240 ದಿನ ದಾಟಿ ದುಡಿದವನನ್ನು ಬಾಯಿಮಾತಿನಲ್ಲಿ ತೆಗೆದಿದ್ದೀರಿ. ನೋಟಿಸೂ ಇಲ್ಲ, ವಿಚಾರಣೆಯೂ ಇಲ್ಲ. ವಾದಿಸಬೇಡಿ, ವಾಪಸು ಕರೆಯಿರಿ.’ ಕರೆದೆ. ಇವತ್ತಿಗೂ ಜೀಪು ಅವನ ಕೈಯಲ್ಲೇ ಇದೆ.

ಎರಡು ವರ್ಷದ ಹಿಂದೆ ರೋಬಸ್ಟಾ ಚೆರ್ರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ) ತೂಕ ಕಡಿಮೆ ಬಂದು ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನ ಮೇಲೆ ಗುಮಾನಿ ಹುಟ್ಟಿತು. ಈ ಸಲ ಬಾಯಿ ಬಿಗಿಹಿಡಿದೆ. ಕಾರಣ ಕೇಳುವ ನೋಟಿಸು, ಅಮಾನತು, ಅರ್ಧ ಸಂಬಳದ ಜೀವನಾಧಾರ ಭತ್ಯೆ, ಹೊರಗಿನವರೊಬ್ಬರಿಂದ ವಿಚಾರಣೆ. ವಿಚಾರಣೆಯಲ್ಲಿ ರೈಟರ್ ನಮ್ಮದೇ ತೂಕದ ಪುಸ್ತಕ ಬಿಡಿಸಿ ತೋರಿಸಿದ: ಮೊದಲ ತೂಕ ಬರೆದದ್ದು ಕಣದಲ್ಲಿ ಚೆರ್ರಿ ಪೂರ್ತಿ ಒಣಗುವ ಮುಂಚೆ. ಬರೆದ ಕೈ ನನ್ನ ಮಗನದು. ತಡೆದ ಸಂಬಳವನ್ನೆಲ್ಲ ಕೊಟ್ಟು ರೈಟರನನ್ನು ಕೆಲಸಕ್ಕೆ ಕರೆದುಕೊಂಡೆ. ಆ ವರ್ಷದ ಫೀಸು ನನಗೆ ಅಗ್ಗವೆನ್ನಿಸಿತು.

ಹಾಗೆಂದು ಎಲ್ಲವೂ ಸರಿಯಿಲ್ಲ. 31 ವರ್ಷ ದುಡಿದ ಮೇಸ್ತ್ರಿ ನಿವೃತ್ತರಾದಾಗ ಗ್ರಾಚ್ಯುಟಿ ಲೆಕ್ಕ ಇವರ ಮೇಜಿನ ಮೇಲೆ ಕೊಳೆಯಿತು. ವರ್ಷಕ್ಕೆ 15 ದಿನದಂತೆ 465 ದಿನದ ಕೂಲಿ, ಅಷ್ಟೇ. ಶಾಲೆಯ ಮಕ್ಕಳೂ ಮಾಡುವ ಗುಣಾಕಾರ. 30 ದಿನದ ಗಡುವು ದಾಟಿತು, ಬಡ್ಡಿ ತೆತ್ತವನು ನಾನು. ಗುಮಾಸ್ತ ಫೋನ್ ಎತ್ತುವುದಿಲ್ಲ. ತೋಟಕ್ಕೆ ಬಂದರೆ ಬೇರೆ ಫೀಸು ಎಂಬುದನ್ನು ಮೊದಲೇ ಹೇಳಲಿಲ್ಲ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ, ಹಣ್ಣು ಕೊಯ್ಲಿನ ಗಡಿಬಿಡಿಯಲ್ಲೇ ವಕೀಲರು ತೋಟಕ್ಕೆ ಬಂದು ಕುಳಿತು ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಬರೆಸಿದರು. ಫೀಸು ಈ ವರ್ಷವೂ ಕಟ್ಟಿದ್ದೇನೆ. ಚೆಕ್‌ರೋಲಿನಲ್ಲಿ (ಆಳುಗಳ ಹಾಜರಿ ಪುಸ್ತಕದಲ್ಲಿ) ಇಷ್ಟು ವರ್ಷ ಬರೀ ‘ಲಕ್ಷ್ಮಿ-2’ ಆಗಿದ್ದ ಹೆಂಗಸಿನ ಪೂರ್ತಿ ಹೆಸರನ್ನು ನಾನು ಕೇಳಿದ್ದು ಅವತ್ತೇ.