ಮುಚ್ಚದ ಕಣ್ಣಿಗೆ ಫೋಮ್ ಕನ್ನಡಕ: ಕಾರವಾರದ ಗಾಳಿಯಲ್ಲಿ ಬಳಸಿ ನೋಡಿದ್ದು

ಇದು ಬೈಕ್ ಓಡಿಸುವವರಿಗೆಂದು ಮಾಡಿದ ಕನ್ನಡಕ. ಫ್ರೇಮಿನ ಒಳಸುತ್ತಿಗೆ ಫೋಮ್ ಇರುತ್ತದೆ. ಅದು ಮುಖಕ್ಕೆ ಒತ್ತಿ ಕೂರುವುದರಿಂದ ಪಕ್ಕದಿಂದ ಗಾಳಿ ನುಗ್ಗುವುದಿಲ್ಲ. ನಾನು ಬೈಕ್ ಓಡಿಸುವುದಿಲ್ಲ. ನನ್ನ ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ, ಅದಕ್ಕಾಗಿ ತಗೊಂಡೆ. ಬೆಲೆ ಸಾವಿರದ ಚಿಲ್ಲರೆ.

ಎಡಗಿವಿಯ ನರದ ಮೇಲೆ ಬೆಳೆದಿದ್ದ ಗಡ್ಡೆಯನ್ನು ತಲೆಬುರುಡೆ ತೆರೆದು ತೆಗೆದಿದ್ದಾರೆ. ಅಕೌಸ್ಟಿಕ್ ನ್ಯೂರೋಮಾ ಅನ್ನುತ್ತಾರೆ, ಕ್ಯಾನ್ಸರ್ ಅಲ್ಲ. ಆದರೆ ಮೆದುಳಿನಿಂದ ಹೊರಡುವ ನರಗಳಲ್ಲಿ, ಕಿವಿಗೆ ಹೋಗುವ 8ನೇ ನರಕ್ಕೆ ತಾಗಿಕೊಂಡೇ ಮುಖದ 7ನೇ ನರ ಹಾದುಹೋಗುತ್ತದೆ. ನನ್ನ ಆ ನರ ತುಂಡಾಗಿಲ್ಲ, ಪೆಟ್ಟು ತಿಂದಿದೆ. ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ. ತಿಂಗಳುಗಟ್ಟಲೆ ಕಾಯಲೇಬೇಕು. ನೋಡಲು ಬಂದವರೆಲ್ಲ ಬಾಯಿ ಸೊಟ್ಟಗಾದದ್ದಕ್ಕೆ ಮರುಗುತ್ತಾರೆ. ನನಗೆ ಹೆದರಿಕೆ ಇದ್ದದ್ದು ಕಣ್ಣಿನದು. ರೆಪ್ಪೆ ಮುಚ್ಚುವುದೂ ಇದೇ ನರದಿಂದ, ಕಣ್ಣೀರು ಬರುವುದೂ ಇದರಿಂದಲೇ. ಎರಡೂ ಕಡಿಮೆಯಾಗಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಒಣಗಿ ಹುಣ್ಣಾದರೆ ದೃಷ್ಟಿಯೇ ಹೋಗಬಹುದು.

ನಾನು ಪ್ರೈಮರಿ ಶಾಲೆಯ ಅಕ್ಕೋರು. ಮನೆ ಕಾರವಾರದಲ್ಲಿ, ಶಾಲೆ ಸದಾಶಿವಗಡದ ಕಡೆ. ನಮ್ಮ ಮನೆಯವರ ಸ್ಕೂಟರಿನ ಹಿಂದೆ ಕೂತು ಕಾಳಿ ನದಿಯ ಸೇತುವೆ ದಾಟಬೇಕು. ಒಂದು ಕಡೆ ಸಮುದ್ರದ ಗಾಳಿ, ಇನ್ನೊಂದು ಕಡೆ ಹೆದ್ದಾರಿ ಲಾರಿಗಳ ಧೂಳು. ಮಾಮೂಲಿ ಕೂಲಿಂಗ್ ಗ್ಲಾಸ್ ಹಾಕಿದರೂ ಶಾಲೆ ಮುಟ್ಟುವಾಗ ಕಣ್ಣು ಕೆಂಪಾಗಿ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಫೋಮ್ ಕನ್ನಡಕ ಬಂದ ಮೇಲೆ ಆ ಚುಚ್ಚುವಿಕೆ ನಿಂತಿದೆ. ತರಗತಿಯಲ್ಲಿ ಬೋರ್ಡ್ ಒರೆಸುವಾಗ ಮತ್ತೆ ಹಾಕಿಕೊಂಡರೆ ಚಾಕ್ ಪುಡಿಯೂ ಕಣ್ಣಿಗೆ ಬೀಳುವುದಿಲ್ಲ. ಗಂಟೆಗೊಮ್ಮೆ ಹಾಕುತ್ತಿದ್ದ ಹನಿ ಈಗ ಅಷ್ಟು ಬೇಕಾಗುವುದಿಲ್ಲ. ಒಳಗಿನ ತೇವ ಒಳಗೇ ಉಳಿಯುತ್ತದೆ, ಅಲ್ವಾ? ಇಷ್ಟಕ್ಕೇ ಕೊಟ್ಟ ದುಡ್ಡು ಸಾರ್ಥಕ.

ಆದರೆ ತೊಂದರೆಯೂ ಅದೇ ತೇವದಿಂದ. ನಮ್ಮ ಕರಾವಳಿಯ ಸೆಕೆಗೆ ಗಾಜು ಮಂಜಾಗುತ್ತದೆ. ಮಳೆಗಾಲದಲ್ಲಂತೂ ಜಾಸ್ತಿ. ಬೇರೆಯವರಿಗೆ ಅದು ಸಣ್ಣ ಕಿರಿಕಿರಿ ಇರಬಹುದು, ನಮ್ಮಂಥವರಿಗೆ ಅಪಾಯ. ಯಾಕೆಂದರೆ 8ನೇ ನರ ಬರೀ ಕೇಳಿಸಿಕೊಳ್ಳುವ ನರವಲ್ಲ, ಸಮತೋಲನವನ್ನೂ ಅದೇ ನೋಡಿಕೊಳ್ಳುತ್ತದೆ. ಒಂದು ಬದಿಯದು ಹೋದಾಗ ದೇಹ ಕಣ್ಣನ್ನೇ ನಂಬಿ ನೇರ ನಿಲ್ಲುತ್ತದೆ. ಗಾಜು ಮಂಜಾದ ಕೂಡಲೇ ನಾನು ಎಡಕ್ಕೆ ವಾಲುತ್ತೇನೆ. ದಪ್ಪ ಫ್ರೇಮ್ ಪಕ್ಕದ ನೋಟವನ್ನೂ ಕಾಲಬುಡದ ನೋಟವನ್ನೂ ಕತ್ತರಿಸುತ್ತದೆ. ಎಡಗಿವಿಗೆ ಏನೂ ಕೇಳಿಸುವುದಿಲ್ಲ, ಎಡಗಡೆ ಕಾಣಿಸುವುದೂ ಇಲ್ಲ ಅಂದರೆ ಹೆದ್ದಾರಿ ದಾಟುವುದು ಹೇಗೆ? ಆದ್ದರಿಂದ ಸ್ಕೂಟರಿನಿಂದ ಇಳಿದ ತಕ್ಷಣ ತೆಗೆದುಬಿಡುತ್ತೇನೆ. ರಸ್ತೆ ದಾಟುವಾಗ, ಮೆಟ್ಟಿಲು ಇಳಿಯುವಾಗ, ಟಾಗೋರ್ ಬೀಚಿನ ಮರಳಿನಲ್ಲಿ ನಡೆಯುವಾಗ ಹಾಕಬೇಡಿ. ಮರಳಿಗೆ ಪಕ್ಕ ಮುಚ್ಚಿದ ತೆಳು ಫ್ರೇಮಿನ ಕನ್ನಡಕ, ಜೊತೆಗೆ ಹಿಡಿದುಕೊಳ್ಳಲು ಒಂದು ಕೈ ಇದ್ದರೆ ಸಾಕು.

ಊಟಕ್ಕೆ ಕೂರುವಾಗಲೂ ತೆಗೆಯಿರಿ. ನರ ಚಿಗುರುವಾಗ ಕೆಲವು ಎಳೆಗಳು ದಾರಿ ತಪ್ಪಿ ಬೇರೆ ಕಡೆ ಸೇರುತ್ತವೆ. ನಾನು ಒಂದನೇ ತರಗತಿಗೆ ಪ, ಫ, ಬ, ಭ, ಮ ಅಂತ ಗಟ್ಟಿಯಾಗಿ ಹೇಳಿಕೊಡುವಾಗ ಎಡಗಣ್ಣು ತಾನಾಗಿ ಕಿರಿದಾಗುತ್ತದೆ. ಬಂಗಡೆ ಸಾರು ಅನ್ನ ಬಾಯಿಗಿಟ್ಟರೆ ಅದೇ ಕಣ್ಣಲ್ಲಿ ನೀರು ಸುರಿಯುತ್ತದೆ. ಒಣಗಿದ ಕಣ್ಣಲ್ಲಿ ಊಟದ ಹೊತ್ತಿಗೆ ಮಾತ್ರ ನೀರು! ಎಲ್ಲ ಫೋಮಿಗೆ ಇಳಿಯುತ್ತದೆ.

ರಾತ್ರಿಗೆ ಇದು ಉಪಯೋಗಕ್ಕಿಲ್ಲ. ಮಲಗುವಾಗ ದಪ್ಪ ಮುಲಾಮು ಹಾಕಿ, ಬೆರಳಿನಿಂದ ರೆಪ್ಪೆ ಮುಚ್ಚಿ, ಆಮೇಲೆ ಟೇಪ್ ಹಚ್ಚಬೇಕು. ಕಣ್ಣು ತೆರೆದಿರುವಾಗಲೇ ಹತ್ತಿ ಇಟ್ಟರೆ ಅದು ಕಾರ್ನಿಯಾಕ್ಕೆ ಉಜ್ಜುತ್ತದೆ. ಹಗಲಿಗೆ ಹನಿ ಪದೇ ಪದೇ ಬೇಕಾದರೆ ಪ್ರಿಸರ್ವೇಟಿವ್ (ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ್ದನ್ನು ಕೇಳಿ.

ಕೊಳ್ಳುವವರಿಗೆ ಒಂದೆರಡು ಮಾತು. ಆನ್‌ಲೈನ್‌ನಲ್ಲಿ ತರಿಸಿದ್ದು ನನ್ನ ಸಣ್ಣ ಮುಖಕ್ಕೆ ದೊಡ್ಡದಾಗಿ ಮೂಗಿನ ಪಕ್ಕ ಸಂದು ಉಳಿಯಿತು. ಅಂಗಡಿಯಲ್ಲಿ ಹಾಕಿ ನೋಡಿ ತಗೊಂಡದ್ದೇ ಸರಿ ಕೂತಿತು. ಕಪ್ಪು ಗಾಜು ಬೇಡ, ಬಿಳಿಯದೇ ಇರಲಿ. ಕತ್ತಲಾದರೆ ಸಮತೋಲನ ಇನ್ನೂ ಕೆಡುತ್ತದೆ. ಫೋಮ್ ಬಿಚ್ಚಿ ತೊಳೆಯುವಂತಿರಬೇಕು. ಬೆವರು ಕುಡಿದ ಫೋಮ್ ಬೇಗ ವಾಸನೆ ಬರುತ್ತದೆ.

ಕೆನ್ನೆ, ಕಣ್ಣು ಮರಗಟ್ಟಿದ್ದರೆ ಇನ್ನೂ ಜಾಗ್ರತೆ ಬೇಕು. ಅಂದರೆ ಮುಟ್ಟಿದ್ದು ತಿಳಿಸುವ 5ನೇ ನರಕ್ಕೂ ಪೆಟ್ಟಾಗಿದೆ. ಅಂಥವರಿಗೆ ಕಸ ಬಿದ್ದರೂ, ಫೋಮ್ ಉಜ್ಜಿದರೂ ನೋವು ಗೊತ್ತಾಗುವುದಿಲ್ಲ. ದಿನಾ ಬೆಳಿಗ್ಗೆ ಸಂಜೆ ಕನ್ನಡಿಯಲ್ಲಿ ನೋಡಿಕೊಳ್ಳಿ. ಕಣ್ಣು ಕೆಂಪಾಗಿದ್ದರೆ, ನೋಟ ಮಸುಕಾಗಿದ್ದರೆ ನೋವಿಲ್ಲ ಅಂತ ಸುಮ್ನೆ ಕೂರಬೇಡಿ, ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ.