6 ಲೀಟರ್ ಗ್ಯಾಸ್ ಗೀಸರ್: ತುಮಕೂರಿನ ಬೋರ್ ನೀರಿಗೆ ಒಗ್ಗುತ್ತಾ?

ಒಗ್ಗುತ್ತದೆ, ಆದರೆ ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯುವ ಮನೆಗೆ ಮಾತ್ರ. ಕರೆಂಟ್ ಹೋದರೂ ಬಿಸಿನೀರು ಬರುವುದು ಇದರ ದೊಡ್ಡ ಗುಣ. ಕಿಡಿ ಹೊತ್ತಿಸಲು ಎರಡು ದಪ್ಪ ಬ್ಯಾಟರಿ ಸಾಕು. 6 ಲೀಟರ್ ಎಂಬುದು ಒಳಗಿನ ಟ್ಯಾಂಕಿನ ಅಳತೆಯಲ್ಲ. ನಿಮಿಷಕ್ಕೆ 6 ಲೀಟರ್ ನೀರಿನ ಬಿಸಿಯನ್ನು ಸುಮಾರು 25 ಡಿಗ್ರಿ ಏರಿಸುತ್ತದೆ ಎಂದರ್ಥ. ಆ ಲೆಕ್ಕದಲ್ಲಿ 20 ಲೀಟರ್ ಬಕೆಟ್ಟಿಗೆ 50–55 ಗ್ರಾಂ ಗ್ಯಾಸ್, 14.2 ಕೆಜಿ ಸಿಲಿಂಡರಿಗೆ ಸುಮಾರು 260 ಬಕೆಟ್.

ಒಂದಂತಸ್ತಿನ ಮನೆಗಳಲ್ಲಿ ಬರುವ ಮೊದಲ ದೂರು, 'ಹೊತ್ತಿಕೊಳ್ಳುವುದೇ ಇಲ್ಲ' ಎಂಬುದು. ನೀರಿನ ಒತ್ತಡ ಒಳಗಿನ ರಬ್ಬರ್ ಪರದೆಯನ್ನು (ಡಯಾಫ್ರಮ್) ತಳ್ಳಿದರೆ ಮಾತ್ರ ಗ್ಯಾಸ್ ತೆರೆಯುತ್ತದೆ. ಮಾಳಿಗೆಯ ನೀರಿನ ಟ್ಯಾಂಕು ಗೀಸರ್‌ಗಿಂತ ಎಂಟು ಹತ್ತು ಅಡಿಯಾದರೂ ಮೇಲಿರಬೇಕು. ಎತ್ತರ ಸರಿಯಿದ್ದರೆ ನೀರು ಬರುವ ಕಡೆಯ ಜಾಲರಿ ತೆಗೆದು ಮರಳು ತೊಳೆಯಿರಿ, ಬ್ಯಾಟರಿ ಬದಲಿಸಿ. ಒತ್ತಡ ಸಾಲದೆಂದು ಹೈ ಪ್ರೆಶರ್ ಗ್ಯಾಸ್ ರೆಗ್ಯುಲೇಟರ್ ಹಾಕಿಕೊಡುವವರ ಮಾತು ಕೇಳಲೇಬೇಡಿ. ಕಡಿಮೆ ಇರುವುದು ನೀರಿನ ಒತ್ತಡ, ಗ್ಯಾಸಿನದಲ್ಲ.

ನಮ್ಮ ಕಡೆಯ ನಿಜವಾದ ಶತ್ರು ಸುಣ್ಣ. ಗಡಸು ನೀರು, ನೀರು ಕಾಯುವ ತಾಮ್ರದ ಕೊಳವೆ ಸುರುಳಿ (ಕಾಯಿಲ್) ಒಳಗೆ ಬಿಳಿ ಪದರ ಕಟ್ಟುತ್ತದೆ. ಉರಿ ಜೋರಾಗಿದ್ದರೂ ನೀರು ಉಗುರುಬೆಚ್ಚಗೆ, ಧಾರೆ ಸಣ್ಣ, ಒಳಗೆ ಕೊತಕೊತ ಸದ್ದು. ಇದಕ್ಕೆ ಮದ್ದು: ಗ್ಯಾಸ್, ನೀರು ಎರಡನ್ನೂ ಬಂದ್ ಮಾಡಿ, ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಸಣ್ಣ ಪಂಪಿನಿಂದ ಕಾಯಿಲ್‌ನೊಳಗೆ ಅರ್ಧ ಮುಕ್ಕಾಲು ಗಂಟೆ ಹರಿಸಿ, ಆಮೇಲೆ ಶುದ್ಧ ನೀರಲ್ಲಿ ತೊಳೆಯುವುದು. ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯುವ ಮೆಕ್ಯಾನಿಕ್‌ಗಳಿದ್ದಾರೆ. ಸುಣ್ಣದ ಜೊತೆ ತಾಮ್ರವೂ, ಬೆಸುಗೆಯೂ ಸವೆಯುತ್ತವೆ. ಸ್ವಲ್ಪ ದಿನಕ್ಕೇ ಕಾಯಿಲ್ ತೂತು.

ಉರಿಯ ಬಣ್ಣ ನೋಡದವನು ಸರ್ವಿಸ್ ಮಾಡಿದ ಹಾಗಲ್ಲ. ನೀಲಿ ಇರಬೇಕು. ಹಳದಿಯಾದರೆ ಬರ್ನರ್‌ನಲ್ಲಿ ಧೂಳೋ ಜೇಡರ ಬಲೆಯೋ ಕೂತಿದೆ, ಇಲ್ಲವೇ ಕಾಯಿಲ್‌ನ ಹೊರಗಿನ ತೆಳು ತಗಡಿನ ಪಟ್ಟಿಗಳಿಗೆ ಮಸಿ ಹಿಡಿದು ಹೊಗೆಯ ದಾರಿ ಕಟ್ಟಿದೆ. ಅರೆಬೆಂದ ಗ್ಯಾಸ್ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ; ಅದಕ್ಕೆ ವಾಸನೆಯಿಲ್ಲ. ತಲೆನೋವು, ತಲೆಸುತ್ತು, ಆಮೇಲೆ ಪ್ರಜ್ಞೆ ತಪ್ಪುವುದು. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಸ್ನಾನ ಮಾಡುವ ನಮ್ಮ ಅಭ್ಯಾಸಕ್ಕೆ ಇದು ಜೀವಕ್ಕೇ ಅಪಾಯ. ಆದ್ದರಿಂದ ಗೀಸರನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಯುಟಿಲಿಟಿಯಲ್ಲೇ ಕೂರಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕಿಳಿಯುತ್ತದೆ. ಸಿಲಿಂಡರ್ ಇಟ್ಟ ಜಾಗದಲ್ಲಿ ನೆಲಮಟ್ಟದಲ್ಲೂ ಗಾಳಿಕಿಂಡಿ ಬೇಕು.

ಕೆಲಸ ಮುಗಿದ ಮೇಲೆ ಗ್ಯಾಸ್ ಪೈಪಿನ ಪ್ರತಿ ನಟ್ಟಿಗೂ ಸೋಪಿನ ನೊರೆ ಹಚ್ಚಿಸಿ. ಗುಳ್ಳೆ ಎದ್ದರೆ ದುಡ್ಡು ಕೊಡಬೇಡಿ, ಮತ್ತೆ ಬಿಗಿಸಲಿ. ಐಎಸ್‌ಐ ಗುರುತಿನ ಸುರಕ್ಷಾ ಗ್ಯಾಸ್ ಪೈಪ್ ಮೇಲೆ ಅಚ್ಚಾದ ವರ್ಷ ನೋಡಿ, ಐದು ವರ್ಷ ದಾಟಿದ್ದರೆ ಬದಲಿಸಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು ಹೊರಬಂದು 1906ಕ್ಕೆ ಕರೆ ಮಾಡಿ.